ಡಾಸ್, ವಿಂಡೋಸ್ 98, ಎಕ್ಸ್‌ಪಿ: ಮೂರು ಹಳೆಯ ಯಂತ್ರಗಳಿಗೆ ನೆಟ್‌ವರ್ಕ್ ಕ್ಲೈಂಟ್ ಆಯ್ದ ದಾಖಲೆ

ಗದಗಿನ ಒಂದು ಮುದ್ರಣಾಲಯದಲ್ಲಿ ವಿಂಡೋಸ್ 2000 ಸರ್ವರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಅದರ ಜಾಗದಲ್ಲಿ ಡೆಬಿಯನ್ 12 (ಲಿನಕ್ಸ್‌ನ ಒಂದು ರೂಪ) ಮತ್ತು ವಿಂಡೋಸ್ ಯಂತ್ರಗಳಿಗೆ ಕಡತ ಹಂಚುವ ಸಾಂಬಾ ತಂತ್ರಾಂಶ ಹಾಕಿದ ಹೊಸ ಸರ್ವರನ್ನು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಕಂಪ್ಯೂಟರುಗಳೆಲ್ಲ ಅದಕ್ಕೆ ಸುಲಭವಾಗಿ ಸೇರಿಕೊಂಡವು. ತೆಗೆದುಹಾಕಲು ಸಾಧ್ಯವಿಲ್ಲದ ಮೂರು ಹಳೆಯ ಯಂತ್ರಗಳು ಮಾತ್ರ ಹೊರಗೆ ಉಳಿದವು. ಅವುಗಳಿಗೆ ಯಾವ ಕ್ಲೈಂಟ್ (ಸರ್ವರನ್ನು ತಲುಪುವ) ತಂತ್ರಾಂಶ ಹೊಂದಿತು, ಯಾವುದು ಹೊಂದಲಿಲ್ಲ, ಏಕೆ ಹೊಂದಲಿಲ್ಲ ಎಂಬುದನ್ನು ಮಾಡಿದ ಕ್ರಮದಲ್ಲಿಯೇ ಇಲ್ಲಿ ಬರೆದಿಡುತ್ತಿದ್ದೇನೆ.

ಹಂತ 1: ಪ್ರತಿ ಯಂತ್ರಕ್ಕೆ ನಿಜವಾಗಿ ಏನು ಬೇಕು

ಮೊದಲನೆಯದು 486 ಯಂತ್ರ. ಅದರಲ್ಲಿ ಎಂಎಸ್-ಡಾಸ್ 6.22 ಇದೆ. ಕ್ಲಿಪ್ಪರ್ ಎಂಬ ಹಳೆಯ ಭಾಷೆಯಲ್ಲಿ ಬರೆದ ಲೆಕ್ಕಪತ್ರದ ಪ್ರೋಗ್ರಾಂ ಅದರಲ್ಲಿ ಓಡುತ್ತದೆ, ಪಕ್ಕದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ಲು ಬರುತ್ತದೆ. ಇದುವರೆಗೆ ಅದಕ್ಕೆ ನೆಟ್‌ವರ್ಕೇ ಇರಲಿಲ್ಲ. ದಿನದ ಕೊನೆಗೆ ಲೆಕ್ಕದ ಕಡತಗಳನ್ನು ಫ್ಲಾಪಿಗೆ ನಕಲು ಮಾಡುತ್ತಿದ್ದರು. ಈಗ ಫ್ಲಾಪಿ ಡ್ರೈವ್ ಓದುವುದನ್ನು ನಿಲ್ಲಿಸಿದೆ.

ಎರಡನೆಯದು ಪೆಂಟಿಯಂ 3, ವಿಂಡೋಸ್ 98 ಎರಡನೇ ಆವೃತ್ತಿ. ಅದರಲ್ಲಿ ಪೇಜ್‌ಮೇಕರ್ 6.5 ಇದೆ. ಪ್ರಿಂಟರ್ ಪೋರ್ಟಿಗೆ ಡಾಂಗಲ್ (ಪರವಾನಗಿಯ ಕೀಲಿಯಂಥ ಸಾಧನ) ಸಿಕ್ಕಿಸದಿದ್ದರೆ ತೆರೆಯದ ಹಳೆಯ ಕನ್ನಡ ಲಿಪಿ ತಂತ್ರಾಂಶವೂ ಇದೆ. ಹಿಂದಿನ ಹಲವು ವರ್ಷಗಳ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪಠ್ಯಪುಸ್ತಕಗಳ ಪುಟಗಳೆಲ್ಲ ಆ ಫಾಂಟಿನಲ್ಲಿಯೇ ಇವೆ.

ಮೂರನೆಯದು ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3. ಟ್ರೇಸಿಂಗ್ ಪೇಪರಿನ ಮೇಲೆ ಔಟ್‌ಪುಟ್ ತೆಗೆಯುವ ಎ3 ಲೇಸರ್ ಪ್ರಿಂಟರಿಗೆ ಎಕ್ಸ್‌ಪಿಯ ನಂತರ ಡ್ರೈವರೇ ಬಂದಿಲ್ಲವಾದ್ದರಿಂದ ಅದು ಉಳಿದುಕೊಂಡಿದೆ.

ಕ್ಲೈಂಟ್ ಹುಡುಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದುಕೊಂಡೆ: ಈ ಯಂತ್ರದ ತಂತ್ರಾಂಶಕ್ಕೆ ಸರ್ವರಿನ ಫೋಲ್ಡರು ಡ್ರೈವ್ ಅಕ್ಷರವಾಗಿ ಕಾಣಲೇಬೇಕೇ, ಅಥವಾ ಕಡತವನ್ನು ಅಲ್ಲಿಗೆ ಕಳಿಸಿದರೆ ಸಾಕೇ? ಪೇಜ್‌ಮೇಕರ್ ತನ್ನ ಪುಟದಲ್ಲಿ ಇಟ್ಟ ಚಿತ್ರಗಳ ದಾರಿಯನ್ನು ಡ್ರೈವ್ ಅಕ್ಷರದ ಸಮೇತ ನೆನಪಿಟ್ಟುಕೊಳ್ಳುತ್ತದೆ. ಹಳೆಯ ಸರ್ವರ್ ಎಫ್ ಡ್ರೈವ್ ಆಗಿತ್ತು, ಆದ್ದರಿಂದ ಹೊಸದೂ ಎಫ್ ಆಗಿಯೇ, ಒಳಗಿನ ಫೋಲ್ಡರುಗಳ ಹೆಸರೂ ಹಾಗೆಯೇ ಕಾಣಬೇಕು. ಇಲ್ಲವಾದರೆ ಪ್ರತಿ ಪುಟದ ಪ್ರತಿ ಚಿತ್ರವನ್ನೂ ಮತ್ತೆ ಕೈಯಿಂದ ಜೋಡಿಸಬೇಕಾಗುತ್ತದೆ. ಎಕ್ಸ್‌ಪಿಗೂ ಡ್ರೈವ್ ಬೇಕು. ಡಾಸ್ ಯಂತ್ರಕ್ಕೆ ಮಾತ್ರ ದಿನಕ್ಕೊಮ್ಮೆ ಕಡತ ಕಳಿಸಿದರೆ ಸಾಕು. ಈ ಉತ್ತರ ಕೈಯಲ್ಲಿದ್ದರೂ ಡಾಸಿಗೂ ಡ್ರೈವ್ ಅಕ್ಷರ ಕೊಡುವ ಆಸೆಯಿಂದ ಐದನೆಯ ಹಂತದಲ್ಲಿ ಸಾಕಷ್ಟು ಹೊತ್ತು ಕಳೆದೆ.

ಹಂತ 2: ನಡುವೆ ಒಂದು ಯಂತ್ರ

ಎಕ್ಸ್‌ಪಿ ಮತ್ತು ಅದಕ್ಕಿಂತ ಹಳೆಯ ವಿಂಡೋಸ್‌ಗಳಿಗೆ ಗೊತ್ತಿರುವುದು ಕಡತ ಹಂಚಿಕೆಯ ಭಾಷೆಯಾದ (ಪ್ರೋಟೋಕಾಲ್) ಎಸ್‌ಎಂಬಿಯ ಒಂದನೆಯ ಆವೃತ್ತಿ ಮಾತ್ರ. ಎರಡನೆಯದು ವಿಸ್ಟಾದೊಂದಿಗೆ ಬಂದದ್ದು. ಸಾಂಬಾ 2019ರ 4.11ನೇ ಆವೃತ್ತಿಯಿಂದ ಒಂದನೆಯದನ್ನು ತಾನಾಗಿ ಮಾತನಾಡುವುದಿಲ್ಲ, ನಾವೇ ಸಂರಚನೆಯಲ್ಲಿ ಬರೆದು ಎಬ್ಬಿಸಬೇಕು. ಎಬ್ಬಿಸುವುದು ಒಂದೇ ಸಾಲಿನ ಕೆಲಸವಾದರೂ ಅದನ್ನು ಮುಖ್ಯ ಸರ್ವರಿನಲ್ಲಿ ಮಾಡಲು ನಾನು ಒಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ವಿಂಡೋಸ್‌ನ ಇದೇ ಒಂದನೆಯ ಆವೃತ್ತಿಯ ದೋಷದ ಮೂಲಕ. ಸಾಂಬಾದ ಕೋಡು ಬೇರೆ ಎಂಬುದು ನಿಜ. ಆದರೆ ಹಳೆಯ ಭಾಷೆಯನ್ನು ತೆರೆದಿಡುವುದೆಂದರೆ ದುರ್ಬಲವಾದ ಪಾಸ್‌ವರ್ಡ್ ಪದ್ಧತಿಗಳಿಗೂ ಬಾಗಿಲು ತೆರೆದಂತೆ. ಅದಕ್ಕಿಂತ ಮುಖ್ಯವಾಗಿ, ಸಾಂಬಾದಲ್ಲಿ ಕನಿಷ್ಠ ಪ್ರೋಟೋಕಾಲ್ ಎಂಬುದು ಇಡೀ ಸರ್ವರಿಗೆ ಅನ್ವಯಿಸುವ ಗುಂಡಿ. ಒಂದು ಫೋಲ್ಡರಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಎಂದು ಬೇರ್ಪಡಿಸಲು ಬರುವುದಿಲ್ಲ.

ಹಾಗಾಗಿ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿಯೊಂದನ್ನು ತಂದು, ಅದರಲ್ಲಿಯೂ ಡೆಬಿಯನ್ 12 ಹಾಕಿ, ಎರಡು ನೆಟ್‌ವರ್ಕ್ ಪೋರ್ಟುಗಳನ್ನು ಕೊಟ್ಟೆ. ಒಂದು ಪೋರ್ಟು ಮುಖ್ಯ ಸರ್ವರಿನ ಕಡೆಗೆ, ಇನ್ನೊಂದು ಹಳೆಯ ಯಂತ್ರಗಳಿಗೆಂದೇ ಇಟ್ಟ ಬೇರೆ ಸ್ವಿಚ್ಚಿಗೆ. ಎರಡರ ನಡುವೆ ಪ್ಯಾಕೆಟ್ ದಾಟಿಸುವುದನ್ನು ನಿಲ್ಲಿಸಿದ್ದೇನೆ, ಹಳೆಯ ಯಂತ್ರಗಳಿಗೆ ಗೇಟ್‌ವೇ ಕೊಟ್ಟಿಲ್ಲ, ಆದ್ದರಿಂದ ಅವುಗಳಿಗೆ ಇಂಟರ್ನೆಟ್ ಸಿಗುವುದಿಲ್ಲ. ಸಾಂಬಾ ಹಳೆಯ ಕಡೆಯ ಪೋರ್ಟಿನಲ್ಲಿ ಮಾತ್ರ ಕಿವಿಗೊಡುವಂತೆ ಬಿಗಿದಿದ್ದೇನೆ.

ಮುಖ್ಯ ಸರ್ವರಿನ ಫೋಲ್ಡರನ್ನು ಈ ನಡುವಿನ ಯಂತ್ರದಲ್ಲಿ ಮೌಂಟ್ ಮಾಡಿ ಅದನ್ನೇ ಮರುಹಂಚಿಕೆ ಮಾಡುವುದು ನನ್ನ ಮೊದಲ ಪ್ರಯತ್ನವಾಗಿತ್ತು. ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು. ಆದರೆ ವಿಂಡೋಸ್ 98ರಲ್ಲಿ ಪೇಜ್‌ಮೇಕರ್ ತೆರೆದಿಟ್ಟ ಪುಟವನ್ನು ಹೊಸ ಯಂತ್ರದಿಂದ ತೆರೆದಾಗ ಬೀಗದ ಎಚ್ಚರಿಕೆ ಬರಬೇಕಾಗಿತ್ತು, ಬರಲಿಲ್ಲ. ಇಬ್ಬರೂ ಒಂದೇ ಪುಟವನ್ನು ತಿದ್ದಿ ಉಳಿಸಬಹುದಾಗಿತ್ತು. ಅದನ್ನು ಅಲ್ಲಿಗೇ ಕೈಬಿಟ್ಟು, ನಡುವಿನ ಯಂತ್ರದ ಡಿಸ್ಕಿನಲ್ಲಿಯೇ ಕಡತಗಳನ್ನು ಇಟ್ಟು, 'ಒಳಗೆ' ಮತ್ತು 'ಮುಗಿದದ್ದು' ಎಂಬ ಎರಡು ಫೋಲ್ಡರುಗಳನ್ನು ಮಾಡಿದೆ. ಕಡತ ನಕಲಿಸುವ ಆರ್‌ಸಿಂಕ್ ಮೊದಲನೆಯದನ್ನು ಮುಖ್ಯ ಸರ್ವರಿನಿಂದ ಇತ್ತ ಮಾತ್ರ ತರುತ್ತದೆ, ಎರಡನೆಯದನ್ನು ಅತ್ತ ಮಾತ್ರ ಒಯ್ಯುತ್ತದೆ. ಯಾವ ಫೋಲ್ಡರಿಗೂ ಎರಡು ದಿಕ್ಕಿನ ಸಂಚಾರವಿಲ್ಲ.

ಹಂತ 3: ಎಕ್ಸ್‌ಪಿ

ಎಕ್ಸ್‌ಪಿಯ ಜೊತೆಗೇ ಬಂದಿರುವ 'ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್' ಸಾಕು. ಹೊರಗಿನ ಯಾವುದನ್ನೂ ಹಾಕಬೇಕಿಲ್ಲ. ಸರ್ವರಿನ ಕಡೆ ಕನಿಷ್ಠ ಪ್ರೋಟೋಕಾಲನ್ನು 'ಎನ್‌ಟಿ1' (ಎಸ್‌ಎಂಬಿಯ ಒಂದನೆಯ ಆವೃತ್ತಿ) ಎಂದು ಬರೆದ ಮೇಲೂ ಎಕ್ಸ್‌ಪಿ ಪಾಸ್‌ವರ್ಡನ್ನು ಮತ್ತೆ ಮತ್ತೆ ಕೇಳಿತು. ಇದನ್ನು ಬಗೆಹರಿಸಲು ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಒಂದೇ: ಸರ್ವರಿನಲ್ಲಿ ಎನ್‌ಟಿಎಲ್‌ಎಂ ಎಂಬ ಪಾಸ್‌ವರ್ಡ್ ಪದ್ಧತಿಯ ಒಂದನೆಯ ಆವೃತ್ತಿಗೆ ಅನುಮತಿ ಕೊಡಿ ಎಂಬುದು. ಅದು ಬೇಕಾಗಿಯೇ ಇಲ್ಲ. ಎಕ್ಸ್‌ಪಿಗೆ ಎರಡನೆಯ ಆವೃತ್ತಿ ಬರುತ್ತದೆ, ತಾನಾಗಿ ಅದನ್ನು ಬಳಸುವುದಿಲ್ಲ ಅಷ್ಟೆ. ರಿಜಿಸ್ಟ್ರಿಯಲ್ಲಿ ಎಲ್‌ಎಸ್‌ಎ ಕೀಲಿಯ ಕೆಳಗಿರುವ 'ಎಲ್ಎಂ ಕಂಪ್ಯಾಟಿಬಿಲಿಟಿ ಲೆವೆಲ್' ಎಂಬ ಮೌಲ್ಯವನ್ನು 3 ಮಾಡಿ ಮರುಪ್ರಾರಂಭಿಸಿದ ತಕ್ಷಣ ಎಫ್ ಡ್ರೈವ್ ತೆರೆದುಕೊಂಡಿತು. ಸರ್ವರನ್ನು ಸಡಿಲಿಸುವ ಮೊದಲು ಕ್ಲೈಂಟನ್ನು ಬಿಗಿಗೊಳಿಸಲು ಸಾಧ್ಯವೇ ಎಂದು ನೋಡುವುದು ಒಳ್ಳೆಯದು ಎಂದು ಆಗ ನಿರ್ಧರಿಸಿದ್ದು ಮುಂದಿನ ಯಂತ್ರದಲ್ಲಿ ಉಪಯೋಗಕ್ಕೆ ಬಂತು.

ಹಂತ 4: ವಿಂಡೋಸ್ 98

ಹೆಚ್ಚು ಕೆಲಸ ತೆಗೆದುಕೊಂಡದ್ದು ಇದೇ. ತೊಂದರೆಗಳು ಒಂದರ ಹಿಂದೆ ಒಂದು ಅಡಗಿದ್ದವು. ಮುಂದಿನದನ್ನು ಸರಿಪಡಿಸದೆ ಹಿಂದಿನದು ಕಾಣುತ್ತಲೇ ಇರಲಿಲ್ಲ.

ಮದರ್‌ಬೋರ್ಡಿನ ಪಿಸಿಐ ಸ್ಲಾಟಿಗೆ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡು ಹಾಕಿ, ಟಿಸಿಪಿ/ಐಪಿಯನ್ನು ಮಾತ್ರ ಉಳಿಸಿಕೊಂಡು ನೆಟ್‌ಬ್ಯೂಯಿ ಎಂಬ ಹಳೆಯ ಪ್ರೋಟೋಕಾಲನ್ನು ತೆಗೆದುಹಾಕಿದೆ. ಸಾಂಬಾಕ್ಕೆ ನೆಟ್‌ಬ್ಯೂಯಿ ತಿಳಿಯದು, ಅದನ್ನು ಇಟ್ಟುಕೊಂಡರೆ ಹುಡುಕಾಟಕ್ಕೆ ಸಮಯ ವ್ಯರ್ಥ. ಪಿಂಗ್ ಸರಾಗವಾಗಿ ಹೋಗಿ ಬಂತು. ನೆಟ್‌ವರ್ಕ್ ನೇಬರ್‌ಹುಡ್ ಮಾತ್ರ ಖಾಲಿ. ಎಕ್ಸ್‌ಪಿ ಕೆಲಸ ಮಾಡುತ್ತಿದ್ದುದರಿಂದ ಸರ್ವರಿನ ಬಗ್ಗೆ ಸಂಶಯ ಬರಲಿಲ್ಲ. ಕೇಬಲ್ ಬದಲಿಸಿದೆ, ಡ್ರೈವರ್ ಮರುಸ್ಥಾಪಿಸಿದೆ, ಯಾವುದೂ ಫಲಕೊಡಲಿಲ್ಲ. ಕಾರಣ ನಡುವಿನ ಯಂತ್ರದ ಫೈರ್‌ವಾಲಿನಲ್ಲಿತ್ತು: ಅಲ್ಲಿ 445ನೇ ಪೋರ್ಟನ್ನು ಮಾತ್ರ ತೆರೆಯಲಾಗಿತ್ತು. ಎಕ್ಸ್‌ಪಿ ನೇರವಾಗಿ 445ಕ್ಕೆ ಹೋಗಬಲ್ಲದು. ವಿಂಡೋಸ್ 98 ಮತ್ತು ಡಾಸ್ ಕ್ಲೈಂಟುಗಳು ಹೋಗುವುದು ನೆಟ್‌ಬಯೋಸ್‌ನ ದಾರಿಯಲ್ಲಿ, ಅಂದರೆ ಯುಡಿಪಿ 137 ಮತ್ತು 138, ಟಿಸಿಪಿ 139. ಆ ಮೂರನ್ನೂ ತೆರೆದು, ಹೆಸರು ಹೇಳುವ ಎನ್‌ಎಂಬಿಡಿ ಸೇವೆ ಓಡುತ್ತಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಸರ್ವರಿನ ಹೆಸರು ಕಂಡಿತು. ಹೆಸರು 15 ಅಕ್ಷರ ಮೀರಬಾರದು, ಹಂಚಿದ ಫೋಲ್ಡರಿನ ಹೆಸರು 12 ಅಕ್ಷರ ಮೀರಬಾರದು. ಮೀರಿದರೆ ವಿಂಡೋಸ್ 98 ಅದನ್ನು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ.

ಹೆಸರಿನ ಮೇಲೆ ಎರಡು ಬಾರಿ ಒತ್ತಿದಾಗ ಸಣ್ಣ ಬೂದು ಕಿಟಕಿಯೊಂದು ತೆರೆದು, 'ಐಪಿಸಿ ಡಾಲರ್' ಎಂಬ ಸಂಪನ್ಮೂಲಕ್ಕೆ ಪಾಸ್‌ವರ್ಡ್ ಕೊಡಿ ಎಂದಿತು. ಈ ಕಿಟಕಿಯಲ್ಲಿ ಬಳಕೆದಾರರ ಹೆಸರು ಬರೆಯಲು ಜಾಗವೇ ಇಲ್ಲ, ಪಾಸ್‌ವರ್ಡಿಗೆ ಮಾತ್ರ ಒಂದು ಪೆಟ್ಟಿಗೆ. ಏನು ಬರೆದರೂ ಅದೇ ಕಿಟಕಿ ಮರಳಿ ಬರುತ್ತದೆ. ಹಳೆಯ ಯಂತ್ರಗಳೊಂದಿಗೆ ಕೆಲಸ ಮಾಡಿದವರಿಗೆ ಇದು ಪರಿಚಿತ ಮುಖ. ಅದರ ಅರ್ಥ ಪಾಸ್‌ವರ್ಡ್ ತಪ್ಪು ಎಂದಲ್ಲ. ನಿನ್ನ ಹೆಸರು ಅಥವಾ ನೀನು ಪಾಸ್‌ವರ್ಡ್ ಒಪ್ಪಿಸುವ ರೀತಿ ನನಗೆ ಒಪ್ಪಿಗೆಯಿಲ್ಲ ಎಂದು ಸರ್ವರ್ ಹೇಳುತ್ತಿದೆ.

ಹೆಸರನ್ನು ಮೊದಲು ಸರಿಪಡಿಸಿದೆ. ವಿಂಡೋಸ್ 98 ಯಾವ ಹೆಸರಿನಲ್ಲಿ ಲಾಗಿನ್ ಆಗಿದೆಯೋ ಅದೇ ಹೆಸರನ್ನು ಸರ್ವರಿಗೆ ಕಳಿಸುತ್ತದೆ. ಆದ್ದರಿಂದ 'ಪ್ರೈಮರಿ ನೆಟ್‌ವರ್ಕ್ ಲಾಗಾನ್' ಎಂಬಲ್ಲಿ ಮೈಕ್ರೋಸಾಫ್ಟ್ ಕ್ಲೈಂಟನ್ನು ಆಯ್ದು, ಸಾಂಬಾದಲ್ಲಿ ಅದೇ ಹೆಸರಿನ ಬಳಕೆದಾರರನ್ನು ಸೃಷ್ಟಿಸಿ, ವಿಂಡೋಸ್ ಫೋಲ್ಡರಿನಲ್ಲಿ ಹಳೆಯ ಸರ್ವರಿನ ಕಾಲದಿಂದ ಉಳಿದಿದ್ದ ಪಿಡಬ್ಲ್ಯುಎಲ್ ಕಡತವನ್ನು ಅಳಿಸಿದೆ. ಆ ಕಡತದಲ್ಲಿ ಹಿಂದಿನ ಪಾಸ್‌ವರ್ಡು ಕುಳಿತಿದ್ದರೆ ಯಂತ್ರ ಅದನ್ನೇ ಮೌನವಾಗಿ ಕಳಿಸುತ್ತಿರುತ್ತದೆ.

ಇನ್ನು ಪಾಸ್‌ವರ್ಡ್ ಒಪ್ಪಿಸುವ ರೀತಿ. ವಿಂಡೋಸ್ 98 ತಾನಾಗಿ ಬಳಸುವುದು ಲ್ಯಾನ್ ಮ್ಯಾನೇಜರ್ ಪದ್ಧತಿ. ಅದು ಪಾಸ್‌ವರ್ಡನ್ನು ದೊಡ್ಡಕ್ಷರಕ್ಕೆ ತಿರುಗಿಸಿ, 14 ಅಕ್ಷರಕ್ಕೆ ಕತ್ತರಿಸಿ, ಏಳೇಳು ಅಕ್ಷರಗಳ ಎರಡು ತುಂಡು ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಗೂಢಲಿಪಿಗೆ ಇಳಿಸುತ್ತದೆ. ಇಂದಿನ ಯಾವ ಸಾಧಾರಣ ಕಂಪ್ಯೂಟರೂ ಅದನ್ನು ಬಿಡಿಸಬಲ್ಲದು. ಸಾಂಬಾದಲ್ಲಿ 'ಲ್ಯಾನ್‌ಮ್ಯಾನ್ ಆಥ್' ಎಂಬುದನ್ನು ಒಪ್ಪಿಕೊಂಡರೆ ಯಂತ್ರ ಕೂಡಲೇ ಸೇರಿಕೊಳ್ಳುತ್ತದೆ. ಅದರ ಬದಲು ಕ್ಲೈಂಟಿನ ಕಡೆಯಿಂದ ಪರಿಹಾರ ಹುಡುಕಿದೆ. ಮೈಕ್ರೋಸಾಫ್ಟ್ ವಿಂಡೋಸ್ 95 ಮತ್ತು 98ಕ್ಕೆಂದು ಆಕ್ಟಿವ್ ಡೈರೆಕ್ಟರಿ ಕ್ಲೈಂಟ್ ಎಂಬ ಸೇರ್ಪಡೆಯನ್ನು ಕೊಟ್ಟಿತ್ತು. ಅದು ವಿಂಡೋಸ್ 2000 ಸರ್ವರ್ ಸಿಡಿಯಲ್ಲಿ ಕ್ಲೈಂಟ್ಸ್ ಫೋಲ್ಡರಿನ ಒಳಗೆ 'ಡಿಎಸ್‌ಕ್ಲೈಂಟ್' ಎಂಬ ಹೆಸರಿನಲ್ಲಿದೆ. ಸತ್ತುಹೋದ ಸರ್ವರಿನ ಸಿಡಿ ಕಪಾಟಿನಲ್ಲಿ ಸಿಕ್ಕಿತು. ಅದನ್ನು ಸ್ಥಾಪಿಸಿ, ರಿಜಿಸ್ಟ್ರಿಯಲ್ಲಿ ಕಂಟ್ರೋಲ್ ಕೀಲಿಯ ಕೆಳಗೆ ಎಲ್‌ಎಸ್‌ಎ ಎಂಬ ಹೊಸ ಕೀಲಿಯನ್ನೂ ಅದರೊಳಗೆ 'ಎಲ್‌ಎಂ ಕಂಪ್ಯಾಟಿಬಿಲಿಟಿ' ಎಂಬ ಮೌಲ್ಯವನ್ನೂ ಮಾಡಿ 3 ಎಂದು ಕೊಟ್ಟೆ. ಎಕ್ಸ್‌ಪಿಯಲ್ಲಿ ಈ ಹೆಸರಿನ ಕೊನೆಗೆ 'ಲೆವೆಲ್' ಇರುತ್ತದೆ, 98ರಲ್ಲಿ ಇರುವುದಿಲ್ಲ. ಇರಿಸಿದರೆ ಯಂತ್ರ ಅದನ್ನು ಕಡೆಗಣಿಸುತ್ತದೆ.

ಮರುಪ್ರಾರಂಭದ ನಂತರ ಮತ್ತೆ ಅದೇ ಬೂದು ಕಿಟಕಿ.

ಸಾಂಬಾದ ಲಾಗ್ ಮಟ್ಟವನ್ನು 3ಕ್ಕೆ ಏರಿಸಿ ನೋಡಿದಾಗ ವಿಷಯ ತಿಳಿಯಿತು. ಎಕ್ಸ್‌ಪಿ ತನ್ನ ಉತ್ತರವನ್ನು ವಿಸ್ತೃತ ಭದ್ರತೆಯ ಹೊದಿಕೆಯೊಳಗಿಟ್ಟು ಕಳಿಸುತ್ತದೆ. ವಿಂಡೋಸ್ 98 ಈ ಸೇರ್ಪಡೆಯ ನಂತರವೂ ಎನ್‌ಟಿಎಲ್‌ಎಂನ ಎರಡನೆಯ ಆವೃತ್ತಿಯನ್ನು ಹೊದಿಕೆಯಿಲ್ಲದೆ, ಬರಿದಾಗಿ ಕಳಿಸುತ್ತದೆ. ಹಾಗೆ ಬಂದದ್ದನ್ನು ಸಾಂಬಾ ತಾನಾಗಿ ಒಪ್ಪುವುದಿಲ್ಲ. 'ರಾ ಎನ್‌ಟಿಎಲ್‌ಎಂವಿ2 ಆಥ್' ಎಂಬ ಸಾಲಿಗೆ 'ಎಸ್' ಎಂದು ಬರೆದಾಗ ಎಫ್ ಡ್ರೈವ್ ತೆರೆಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಸಾಲು ಇದು: ಇದೊಂದಿದ್ದರೆ ಲ್ಯಾನ್ ಮ್ಯಾನೇಜರ್ ಪದ್ಧತಿಯನ್ನೂ ಎನ್‌ಟಿಎಲ್‌ಎಂ ಒಂದನೆಯದನ್ನೂ ಮುಚ್ಚಿಟ್ಟುಕೊಂಡೇ ವಿಂಡೋಸ್ 98ನ್ನು ಸೇರಿಸಿಕೊಳ್ಳಬಹುದು.

ಡ್ರೈವ್ ತೆರೆದ ಮೇಲೆ ಬಂದ ತಕರಾರುಗಳು ಚಿಕ್ಕವು, ಆದರೆ ಕೂತು ಕೆಲಸ ಮಾಡುವವರಿಗೆ ತಲೆನೋವಾಗುವಂಥವು. ಲಿಪಿ ತಂತ್ರಾಂಶದ ಜೊತೆ ಬಂದಿದ್ದ 16 ಬಿಟ್ಟಿನ ಫಾಂಟ್ ಪರಿವರ್ತಕವು ನೂರಾರು ಜಿಬಿ ಖಾಲಿ ಇರುವ ಡಿಸ್ಕನ್ನು ನೋಡಿ ಜಾಗವಿಲ್ಲ ಎಂದಿತು. ಸಾಂಬಾದಲ್ಲಿ 'ಮ್ಯಾಕ್ಸ್ ಡಿಸ್ಕ್ ಸೈಜ್' ಎಂಬ ಆಯ್ಕೆ ಇಂಥ ತಂತ್ರಾಂಶಗಳಿಗಾಗಿಯೇ ಇದೆ. ಅದಕ್ಕೆ 1000 ಎಂಬಿ ಎಂದು ಕೊಟ್ಟ ಮೇಲೆ ಡಿಸ್ಕು ಚಿಕ್ಕದಾಗಿ ಕಂಡು ಪರಿವರ್ತಕ ಸುಮ್ಮನಾಯಿತು. ನಿಜವಾಗಿ ತುಂಬಬಹುದಾದ ಜಾಗಕ್ಕೆ ಇದರಿಂದ ಮಿತಿ ಬೀಳುವುದಿಲ್ಲ, ಕಾಣುವ ಅಂಕಿ ಮಾತ್ರ ಬದಲಾಗುತ್ತದೆ.

ಗಿರಾಕಿಗಳು ಫೋನಿನಿಂದ ಕಳಿಸುವ ಕಡತಗಳಿಗೆ ಈಗ ಕನ್ನಡದಲ್ಲಿಯೇ ಹೆಸರಿರುತ್ತದೆ. ವಿಂಡೋಸ್ 98ರ ಕ್ಲೈಂಟು ಯೂನಿಕೋಡ್ ಹೆಸರುಗಳನ್ನು ಕೇಳುವುದೇ ಇಲ್ಲವಾದ್ದರಿಂದ 'ಆಮಂತ್ರಣ' ಎಂಬ ಹೆಸರಿನ ಕಡತ ಅಲ್ಲಿ ಗುರುತೇ ಸಿಗದ ರೂಪದಲ್ಲಿ ಕಾಣುತ್ತದೆ. ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇರುವುದರಿಂದ ಆ ತೊಂದರೆಯಿಲ್ಲ. 98ಕ್ಕಾಗಿ, 'ಒಳಗೆ' ಫೋಲ್ಡರಿಗೆ ಬರುವ ಕಡತಗಳಿಗೆ ದಿನಾಂಕ ಮತ್ತು ಕ್ರಮಸಂಖ್ಯೆಯ ಇಂಗ್ಲಿಷ್ ಹೆಸರು ಕೊಡುವ ಚಿಕ್ಕ ಸ್ಕ್ರಿಪ್ಟನ್ನು ನಡುವಿನ ಯಂತ್ರದಲ್ಲಿ ಇಟ್ಟಿದ್ದೇನೆ. ಮೂಲ ಹೆಸರು ಪಕ್ಕದ ಪಠ್ಯ ಕಡತದಲ್ಲಿ ದಾಖಲಾಗುತ್ತದೆ. ಇದು ಚೆಂದದ ಪರಿಹಾರವಲ್ಲ. ಡಿಟಿಪಿ ಮಾಡುವವರು ಎರಡು ಕಡೆ ನೋಡಬೇಕಾಗಿದೆ ಎಂದು ಗೊಣಗುತ್ತಾರೆ, ಅವರ ಗೊಣಗಾಟದಲ್ಲಿ ನ್ಯಾಯವಿದೆ.

ಮೂರನೆಯದು ವಿಚಿತ್ರವಾದದ್ದು. ತಾತ್ಕಾಲಿಕ ಕಡತಗಳನ್ನು ಅಳಿಸಲು ಹಳೆಯ ಕಾಲದಿಂದ ಇದ್ದ ಬ್ಯಾಚ್ ಕಡತ ಈಗ ಏನನ್ನೂ ಅಳಿಸುತ್ತಿರಲಿಲ್ಲ, ಒಂದೊಂದೇ ಹೆಸರು ಕೊಟ್ಟರೆ ಮಾತ್ರ ಅಳಿಯುತ್ತಿತ್ತು. ಡಾಸ್ ಮೂಲದ ಕ್ಲೈಂಟುಗಳು ನಕ್ಷತ್ರ ಚಿಹ್ನೆಯ ಹೆಸರನ್ನು ತಾವು ಬಿಡಿಸದೆ ಹಾಗೆಯೇ ಸರ್ವರಿಗೆ ಕಳಿಸುತ್ತವೆ. ಅದನ್ನು ಬಿಡಿಸಿ ಅಳಿಸುವ, ಮರುಹೆಸರಿಸುವ ಕೆಲಸವನ್ನು ಸಾಂಬಾ 2022ರ 4.16ನೇ ಆವೃತ್ತಿಯಿಂದ ಕೈಬಿಟ್ಟಿದೆ. ಡೆಬಿಯನ್ 12ರಲ್ಲಿರುವುದು 4.17. ಬ್ಯಾಚ್ ಕಡತದಲ್ಲಿ 'ಡೆಲ್' ಎಂಬ ಒಂದು ಸಾಲಿನ ಬದಲು 'ಫಾರ್' ಆಜ್ಞೆಯಿಂದ ಹೆಸರುಗಳನ್ನು ಇಲ್ಲಿಯೇ ಬಿಡಿಸಿಕೊಂಡು ಒಂದೊಂದನ್ನೇ ಅಳಿಸುವಂತೆ ಬರೆದಾಗ ಕೆಲಸವಾಯಿತು. ಸರ್ವರನ್ನು ಹೊಸದಕ್ಕೆ ಏರಿಸಿದ ಮೇಲೆ ಹಳೆಯ ಬ್ಯಾಚ್ ಕಡತಗಳನ್ನು ಒಮ್ಮೆ ತೆರೆದು ನೋಡುವುದು ಅವಶ್ಯಕ, ಏಕೆಂದರೆ ಇಂಥ ಸೋಲು ಯಾರ ಕಣ್ಣಿಗೂ ಬೀಳದೆ ಡಿಸ್ಕು ತುಂಬುತ್ತಾ ಹೋಗುತ್ತದೆ.

ಹಂತ 5: ಡಾಸ್

ಇಲ್ಲಿ ಮೊದಲು ಬೇಕಾದದ್ದು ಐಎಸ್‌ಎ ಎಂಬ ಹಳೆಯ ಸ್ಲಾಟಿನ ನೆಟ್‌ವರ್ಕ್ ಕಾರ್ಡು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ರಿಯಲ್‌ಟೆಕ್ 8019ಎಎಸ್ ಚಿಪ್ಪಿನದೊಂದು ಸಿಕ್ಕಿತು. ಅದು ಎನ್‌ಇ2000 ಜಾತಿಯದು, ಡಾಸ್ ಲೋಕದಲ್ಲಿ ಇದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಅದು ಪ್ಲಗ್ ಅಂಡ್ ಪ್ಲೇ ಸ್ಥಿತಿಯಲ್ಲಿತ್ತು. ರಿಯಲ್‌ಟೆಕ್‌ನ 'ಆರ್‌ಸೆಟ್8019' ಎಂಬ ಉಪಕರಣವನ್ನು ಓಡಿಸಿ ಜಂಪರ್‌ರಹಿತ ಸ್ಥಿತಿಗೆ ತಂದು, ವಿಳಾಸವನ್ನು ಹೆಕ್ಸಿನಲ್ಲಿ 300, ಐಆರ್‌ಕ್ಯೂವನ್ನು (ಕಾರ್ಡು ಪ್ರೊಸೆಸರಿನ ಗಮನ ಸೆಳೆಯುವ ಸಾಲಿನ ಸಂಖ್ಯೆ) 10 ಎಂದು ನಿಗದಿ ಮಾಡಿದೆ. ಈ ಜಾತಿಯ ಕಾರ್ಡುಗಳಿಗೆ ವಾಡಿಕೆಯ ಐಆರ್‌ಕ್ಯೂ 3. ಅದು ಎರಡನೆಯ ಸೀರಿಯಲ್ ಪೋರ್ಟಿನದೂ ಆಗಿರುವುದರಿಂದ ಬೇಡವೆಂದು ಬಿಟ್ಟೆ. 7 ಪ್ರಿಂಟರ್ ಪೋರ್ಟಿನದು.

ಮೊದಲು ಹಾಕಿದ್ದು ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0. ಎನ್‌ಟಿ 4.0 ಸರ್ವರಿನ ಸಿಡಿಯಲ್ಲಿ ಬರುತ್ತಿದ್ದ ಇದು ಎರಡು ಫ್ಲಾಪಿಗಳಷ್ಟು ದೊಡ್ಡದು. ಬೇರೆ ಯಂತ್ರದಿಂದ ಬಿಚ್ಚಿ ತಂದ ಫ್ಲಾಪಿ ಡ್ರೈವಿನಿಂದ ಸ್ಥಾಪಿಸಿದೆ. ಪ್ರೋಟೋಕಾಲ್ ಕಡತದಲ್ಲಿ ಐಪಿ ವಿಳಾಸವನ್ನು ಚುಕ್ಕೆಗಳಿಂದಲ್ಲ, ಖಾಲಿ ಜಾಗದಿಂದ ಬೇರ್ಪಡಿಸಿ ಬರೆಯಬೇಕು: 192 168 50 20 ಎಂದು. ಚುಕ್ಕೆ ಹಾಕಿದರೆ ಕ್ಲೈಂಟು ಏಳುವುದಿಲ್ಲ. ಇಷ್ಟು ಮಾಡಿದ ಮೇಲೆ ಡ್ರೈವ್ ಅಕ್ಷರ ಬಂದಿತು, ಆದರೆ ಮೂರು ಬೆಲೆ ಕೊಡಬೇಕಾಯಿತು.

ಸರ್ವರಿನ ಕನಿಷ್ಠ ಪ್ರೋಟೋಕಾಲನ್ನು 'ಎನ್‌ಟಿ1'ಕ್ಕಿಂತಲೂ ಕೆಳಗೆ, 'ಲ್ಯಾನ್‌ಮ್ಯಾನ್1'ಕ್ಕೆ ಇಳಿಸದಿದ್ದರೆ ಲಾಗಿನಲ್ಲಿ 'ನೋ ಪ್ರೋಟೋಕಾಲ್ ಸಪೋರ್ಟೆಡ್' ಎಂದಷ್ಟೇ ಬರುತ್ತಿತ್ತು. ನಾಲ್ಕನೆಯ ಹಂತದಲ್ಲಿ ಕಷ್ಟಪಟ್ಟು ಮುಚ್ಚಿಟ್ಟಿದ್ದ ಲ್ಯಾನ್ ಮ್ಯಾನೇಜರ್ ಪದ್ಧತಿಯನ್ನು ತೆರೆಯಬೇಕಾಯಿತು. ತೆರೆದ ಮೇಲೂ ಪಾಸ್‌ವರ್ಡ್ ಒಪ್ಪಲಿಲ್ಲ, ಏಕೆಂದರೆ ಆ ಪದ್ಧತಿ ಮುಚ್ಚಿದ್ದಾಗ ಹೊಂದಿಸಿದ ಪಾಸ್‌ವರ್ಡಿಗೆ ಸಾಂಬಾ ಹಳೆಯ ರೂಪದ ಗುರುತನ್ನು ಉಳಿಸಿಡುವುದಿಲ್ಲ. ಪಾಸ್‌ವರ್ಡನ್ನು ಇನ್ನೊಮ್ಮೆ ಹೊಂದಿಸಬೇಕು. ಕೊನೆಯ ಮತ್ತು ನಿರ್ಣಾಯಕ ಬೆಲೆ ಮೆಮರಿಯದು. ಟಿಸಿಪಿ/ಐಪಿ, ಪೂರ್ಣ ರೀಡೈರೆಕ್ಟರ್ (ಡ್ರೈವ್ ಅಕ್ಷರವನ್ನು ಸರ್ವರಿಗೆ ತಿರುಗಿಸುವ ಭಾಗ), ಪಾಸ್‌ವರ್ಡಿನ ಭಾಗಗಳೆಲ್ಲ ಕುಳಿತ ಮೇಲೆ 640 ಕೆಬಿಯಲ್ಲಿ ಉಳಿದದ್ದು ಸುಮಾರು 450 ಕೆಬಿ. ಚಿಕ್ಕದಾದ 'ಬೇಸಿಕ್' ರೀಡೈರೆಕ್ಟರಿಗೆ ಬದಲಿಸಿ, ಇಎಂಎಂ386ನಿಂದ ಸಾಧ್ಯವಾದದ್ದನ್ನೆಲ್ಲ ಮೇಲಿನ ಮೆಮರಿಗೆ ಏರಿಸಿದರೂ ಲೆಕ್ಕದ ಪ್ರೋಗ್ರಾಂಗೆ ಬೇಕಾದಷ್ಟು ಸಿಗಲಿಲ್ಲ. ತಿಂಗಳ ಪಟ್ಟಿ ತೆಗೆಯುವಾಗ ಮೆಮರಿ ಸಾಲದೆಂದು ನಡುವೆ ನಿಂತುಬಿಡುತ್ತಿತ್ತು. ಈ ಕ್ಲೈಂಟನ್ನು ತೆಗೆದುಹಾಕಿ, ಸರ್ವರಿನಲ್ಲಿ ತೆರೆದದ್ದನ್ನೆಲ್ಲ ಮತ್ತೆ ಮುಚ್ಚಿದೆ.

ಎರಡನೆಯ ಆಯ್ಕೆ ಈಥರ್‌ಡಿಎಫ್‌ಎಸ್. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಪ್ಯಾಕೆಟ್ ಡ್ರೈವರಿನ ಮೇಲೆ ಕೂರುವ ಇದು ಏಳು ಕೆಬಿಯ ಆಸುಪಾಸಿನಲ್ಲಿ ಡ್ರೈವ್ ಅಕ್ಷರ ಕೊಡುತ್ತದೆ, ಟಿಸಿಪಿ/ಐಪಿಯನ್ನೇ ಬಳಸದೆ ನೇರವಾಗಿ ಈಥರ್ನೆಟ್ಟಿನ ಮೇಲೆ ಮಾತನಾಡುತ್ತದೆ. ಬೆರಗಾಗುವಷ್ಟು ಅಚ್ಚುಕಟ್ಟು. ಆದರೆ ಅದರಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ. ಆ ತಂತಿಗೆ ಯಾರು ಸಿಕ್ಕಿಸಿಕೊಂಡರೂ ಕಡತ ಓದಬಹುದು, ಬರೆಯಬಹುದು. ಆಟಕ್ಕೋ ಸಾಮಾನ್ಯ ದರಪಟ್ಟಿಗೋ ಇದನ್ನು ನಿಸ್ಸಂಕೋಚವಾಗಿ ಬಳಸುತ್ತಿದ್ದೆ. ಇನ್ನೊಬ್ಬರ ಬಾಕಿ ವಸೂಲಿಯ ಲೆಕ್ಕಕ್ಕೆ ಬಳಸಲಿಲ್ಲ.

ಉಳಿದದ್ದು ಎಂಟಿಸಿಪಿ. ಇದು ಡ್ರೈವ್ ಅಕ್ಷರ ಕೊಡುವ ಕ್ಲೈಂಟಲ್ಲ, ಪಿಂಗ್, ಎಫ್‌ಟಿಪಿ (ಕಡತ ಕಳಿಸಲು), ಎಸ್‌ಎನ್‌ಟಿಪಿ (ಸಮಯ ಹೊಂದಿಸಲು) ಮುಂತಾದ ಬಿಡಿ ಪ್ರೋಗ್ರಾಂಗಳ ಕಟ್ಟು. ಅವು ಬೇಕಾದಾಗ ಓಡಿ ಮುಗಿದ ಮೇಲೆ ಮೆಮರಿಯನ್ನು ಬಿಟ್ಟುಕೊಡುತ್ತವೆ. ಕಾಯಂ ಆಗಿ ಕೂರುವುದು ಚಿಕ್ಕ ಪ್ಯಾಕೆಟ್ ಡ್ರೈವರ್ ಒಂದೇ. ಒಂದು ಪಠ್ಯ ಕಡತದಲ್ಲಿ ಪ್ಯಾಕೆಟ್ ಇಂಟರಪ್ಟ್ ಹೆಕ್ಸ್ 60, ಐಪಿ ವಿಳಾಸ, ನೆಟ್‌ಮಾಸ್ಕ್ ಬರೆದು, ಆ ಕಡತದ ದಾರಿಯನ್ನು 'ಎಂಟಿಸಿಪಿಸಿಎಫ್‌ಜಿ' ಎಂಬ ಪರಿಸರ ಚರಕ್ಕೆ ಕೊಟ್ಟರೆ ಸಿದ್ಧತೆ ಮುಗಿಯಿತು. ನಡುವಿನ ಯಂತ್ರದಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ತಂತ್ರಾಂಶ ಹಾಕಿ, ಲೆಕ್ಕದ ಬಳಕೆದಾರರನ್ನು ಅವರ ಫೋಲ್ಡರಿನೊಳಗೇ ಕಟ್ಟಿಹಾಕಿದೆ. ಲಾಗಿನ್ ಆದ ಕೂಡಲೇ ಅದು ಸಂಪರ್ಕ ಕಡಿದುಕೊಂಡಿತು: ಕಟ್ಟಿಹಾಕಿದ ಮೂಲ ಫೋಲ್ಡರಿಗೆ ಬರೆಯುವ ಅನುಮತಿ ಇದ್ದರೆ ವಿಎಸ್‌ಎಫ್‌ಟಿಪಿಡಿ ಓಡಲು ನಿರಾಕರಿಸುತ್ತದೆ. ಮೂಲದಿಂದ ಆ ಅನುಮತಿಯನ್ನು ತೆಗೆದು, ಒಳಗೆ ಬರೆಯಬಹುದಾದ ಬೇರೊಂದು ಫೋಲ್ಡರು ಮಾಡಿದಾಗ ಸರಿಹೋಯಿತು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿದ ರೂಪದಲ್ಲಿಯೇ ಹೋಗುತ್ತದೆ. ಬೇರೆ ಸ್ವಿಚ್ಚು, ಗೇಟ್‌ವೇ ಇಲ್ಲದ ವಿಳಾಸ, ಬೇರೆಲ್ಲೂ ಬಳಸದ ಪಾಸ್‌ವರ್ಡ್, ಈ ಮೂರು ಇರುವುದರಿಂದ ಅದನ್ನು ಒಪ್ಪಿಕೊಂಡಿದ್ದೇನೆ.

ಕಳಿಸುವ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದು, ಬ್ಯಾಚಿನಿಂದ ಎಫ್‌ಟಿಪಿಗೆ ತಿರುಗಿಸಿದ್ದೇನೆ. ಲಾಗಿನ್ ಆದ ಮೇಲೆ ಮೊದಲ ಆಜ್ಞೆ ಬೈನರಿ ಸ್ಥಿತಿಯದು. ಲೆಕ್ಕದ ಡಿಬಿಎಫ್ ಕಡತ ಪಠ್ಯ ಸ್ಥಿತಿಯಲ್ಲಿ ಹೋದರೆ ಹಾಳಾಗುತ್ತದೆ. ಕಳಿಸಿದ್ದನ್ನು ಮರಳಿ ಬೇರೆ ಫೋಲ್ಡರಿಗೆ ತರಿಸಿ, ಡಾಸಿನ 'ಎಫ್‌ಸಿ' ಆಜ್ಞೆಯನ್ನು ಬೈನರಿ ಆಯ್ಕೆಯೊಂದಿಗೆ ಓಡಿಸಿ ಹೋಲಿಸಿದೆ, ವ್ಯತ್ಯಾಸವಿರಲಿಲ್ಲ. ಹೊತ್ತು ಮುಗಿದಾಗ ಲೆಕ್ಕ ಬರೆಯುವವರು ಪ್ರೋಗ್ರಾಂನಿಂದ ಹೊರಬಂದು ಎರಡಕ್ಷರದ ಬ್ಯಾಚ್ ಹೆಸರನ್ನು ಒತ್ತುತ್ತಾರೆ. ಬಂದ ಕಡತಗಳನ್ನು ದಿನಾಂಕದ ಫೋಲ್ಡರಿಗೆ ಸರಿಸುವುದು ನಡುವಿನ ಯಂತ್ರದ ಕೆಲಸ, ಏಕೆಂದರೆ 486ರ ಗಡಿಯಾರದ ಬ್ಯಾಟರಿ ಮುಗಿದಿದ್ದು ಅದರ ದಿನಾಂಕವನ್ನು ನಂಬುವಂತಿಲ್ಲ. ಎಸ್‌ಎನ್‌ಟಿಪಿಯಿಂದ ಬೆಳಿಗ್ಗೆ ಸಮಯ ಸರಿಪಡಿಸುತ್ತೇನೆ. ಅದಕ್ಕೆ ಸಮಯ ವಲಯದ ಚರದಲ್ಲಿ ಐಎಸ್‌ಟಿ ಮತ್ತು ಋಣ ಚಿಹ್ನೆಯೊಂದಿಗೆ 5:30 ಎಂದು ಕೊಡಬೇಕು. ಭಾರತ ಗ್ರೀನಿಚ್‌ಗಿಂತ ಮುಂದಿದೆಯೆಂದು ಧನ ಚಿಹ್ನೆ ಕೊಟ್ಟರೆ ಗಡಿಯಾರ 11 ಗಂಟೆ ಹಿಂದೆ ಬೀಳುತ್ತದೆ.

ಹಂತ 6: ಖರ್ಚು

ಮಿನಿ ಪಿಸಿಗೆ 5,200 ರೂಪಾಯಿ, ಐಎಸ್‌ಎ ಕಾರ್ಡಿಗೆ 450, ಪಿಸಿಐ ಕಾರ್ಡಿಗೆ 150, ಎಂಟು ಪೋರ್ಟಿನ ಸ್ವಿಚ್ಚಿಗೆ 750, ಕೇಬಲ್ ಮತ್ತು ಕನೆಕ್ಟರುಗಳಿಗೆ 600, ಒಟ್ಟು 7,150. ತಂತ್ರಾಂಶಕ್ಕೆ ಏನೂ ಖರ್ಚಾಗಲಿಲ್ಲ. ಐಎಸ್‌ಎ ಕಾರ್ಡಿನ ಬೆಲೆ ಅದರ ಯೋಗ್ಯತೆಗೆ ಹೆಚ್ಚಾಯಿತೆಂದು ಅನ್ನಿಸಿದರೂ, ಅಂಗಡಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಹಂತ 7: ಕರೆಂಟ್ ಹೋಗಿ ಬಂದ ಮೇಲೆ

ಎಲ್ಲವೂ ಓಡತೊಡಗಿದ ಮೇಲೆ ಕಂಡದ್ದು ಇದು. ಕರೆಂಟ್ ಹೋಗಿ ಬಂದಾಗ ವಿಂಡೋಸ್ 98 ಬೇಗ ಏಳುತ್ತದೆ, ಡೆಬಿಯನ್ ತನ್ನ ಡಿಸ್ಕ್ ಪರೀಕ್ಷೆ ಮುಗಿಸಿ ನಿಧಾನವಾಗಿ ಏಳುತ್ತದೆ. ಆ ಹೊತ್ತಿಗೆ 98 ಎಫ್ ಡ್ರೈವ್ ಸಿಗಲಿಲ್ಲವೆಂದು ಕೈಬಿಟ್ಟಿರುತ್ತದೆ, ಪೇಜ್‌ಮೇಕರ್ ತೆರೆದರೆ ಚಿತ್ರಗಳೆಲ್ಲ ಕಾಣೆ. ಅದಕ್ಕೆ 98ರ ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಒಂದು ಬ್ಯಾಚ್ ಕಡತ ಇಟ್ಟಿದ್ದೇನೆ. ಅದು ಎಫ್ ಡ್ರೈವಿನಲ್ಲಿ ಗುರುತಿಗೆಂದು ಇಟ್ಟ ಪುಟ್ಟ ಕಡತವೊಂದು ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ 'ನೆಟ್ ಯೂಸ್' ಆಜ್ಞೆಯಿಂದ ಡ್ರೈವನ್ನು ಮತ್ತೆ ಜೋಡಿಸಲು ಯತ್ನಿಸಿ, 'ಚಾಯ್ಸ್' ಆಜ್ಞೆಯ ಸಮಯದ ಆಯ್ಕೆಯನ್ನು ಬಳಸಿ 20 ಸೆಕೆಂಡು ಕಾದು, ಮತ್ತೆ ನೋಡುತ್ತದೆ. ಡ್ರೈವ್ ಸಿಕ್ಕ ಮೇಲೆಯೇ ಪೇಜ್‌ಮೇಕರನ್ನು ಅದೇ ಬ್ಯಾಚ್ ತೆರೆಯುತ್ತದೆ, ಡೆಸ್ಕ್‌ಟಾಪಿನಲ್ಲಿದ್ದ ಪೇಜ್‌ಮೇಕರ್ ಐಕಾನನ್ನು ತೆಗೆದುಹಾಕಲಾಗಿದೆ.